ಉಡುಪಿಯಲ್ಲಿ ಕೂತು ಪರಂಪರೆ ಸಂರಕ್ಷಣೆಯಲ್ಲಿ ಮಾಸ್ಟರ್ಸ್ ಮಾಡುವವರಿಗೆ

ಪರಂಪರೆ ಸಂರಕ್ಷಣೆ ಎಂದರೆ ಬ್ರಷ್ ಹಿಡಿದು ಶಿಲ್ಪ ತೊಳೆಯುವುದು, ಮಾಸಿದ ಚಿತ್ರಕ್ಕೆ ಮತ್ತೆ ಬಣ್ಣ ತುಂಬುವುದು ಎಂದು ನೀವು ಅಂದುಕೊಂಡಿದ್ದರೆ ಆನ್‌ಲೈನ್ ಕೋರ್ಸಿಗೆ ಸೇರಬೇಡಿ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲಿನಲ್ಲಿ ಅಂತೋನಿಯೊ ಮೊಸ್ಕೇನಿ ಬರೆದ ಚಿತ್ರಗಳಂಥವನ್ನು ಉಳಿಸುವವರು ಲ್ಯಾಬಿನಲ್ಲಿ ವರ್ಷಗಟ್ಟಲೆ ಕೈ ಪಳಗಿಸಿಕೊಂಡವರು. ಆ ವಿದ್ಯೆ ಲ್ಯಾಪ್‌ಟಾಪಿನ ಪರದೆಯಲ್ಲಿ ಬರುವುದಿಲ್ಲ. ಆನ್‌ಲೈನ್ ಮಾಸ್ಟರ್ಸಿನಲ್ಲಿ ಕಲಿಸುವುದು ಅದಕ್ಕಿಂತ ಮೊದಲಿನ ಪ್ರಶ್ನೆಗಳನ್ನು: ಯಾವುದನ್ನು ಉಳಿಸಬೇಕು, ಯಾಕೆ, ಯಾರನ್ನು ಕೇಳಿ, ಯಾವ ಕಾನೂನಿನಡಿ, ಯಾರ ದುಡ್ಡಿನಲ್ಲಿ, ಉಳಿಸಿದ ಮೇಲೆ ನೋಡಿಕೊಳ್ಳುವವರು ಯಾರು. ಈ ಪ್ರಶ್ನೆಗಳಲ್ಲಿ ನಿಮಗೆ ರುಚಿ ಇದ್ದರೆ ಮುಂದೆ ಓದಿ.

ನನ್ನದು ಉಡುಪಿಯ ಕಲ್ಸಂಕದ ಹತ್ತಿರ ಒಂದು ಸಣ್ಣ ಪ್ಲಾನ್-ಎಸ್ಟಿಮೇಟ್ ಆಫೀಸು. ಓದಿದ್ದು ಸಿವಿಲ್ ಇಂಜಿನಿಯರಿಂಗ್. ಹೊಸ ಮನೆಗಳ ನಕ್ಷೆಯಿಂದ ಹೊಟ್ಟೆ ತುಂಬುತ್ತದೆ. ನಡುನಡುವೆ ಯಾರೋ ಬಂದು, "ಹಳೇ ಮನೆ ಕೆಡವ್ಲಿಕ್ಕುಂಟು, ಮರಕ್ಕೆ ಎಷ್ಟು ಬರ್ಬಹುದು ನೋಡಿ ಹೇಳಿ" ಎನ್ನುತ್ತಾರೆ. ಹಲಸಿನ ಕಂಬ, ಕೆತ್ತನೆಯ ಮುಚ್ಚಿಗೆ ಇರುವ ಚಾವಡಿಗಳಿಗೆ ಹೀಗೆ ಗುಜರಿ ಲೆಕ್ಕ ಹಾಕಿಕೊಡುತ್ತಾ ಇದ್ದವಳು ನಾನು. ಆಸ್ಟ್ರೇಲಿಯಾದ ಒಂದು ವಿಶ್ವವಿದ್ಯಾಲಯದಲ್ಲಿ ಪಾರ್ಟ್ ಟೈಮ್ ಓದಿ ಮುಗಿಸಿದ ಮೇಲೆ ಈಗಲೂ ಅದೇ ಆಫೀಸಿನಲ್ಲಿ ಕೂರುತ್ತೇನೆ. ಸೇರಬೇಕು ಅಂತ ಇರುವವರು ಫೋನ್ ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ತರಹ. ಅದಕ್ಕೇ ಇದನ್ನು ಬರೆದಿಟ್ಟೆ.

ಕೋರ್ಸ್ ಹುಡುಕುವಾಗ

ಮೊದಲು ಡಿಗ್ರಿ ಯಾತಕ್ಕೆ ಬೇಕು ಎನ್ನುವುದನ್ನು ತೀರ್ಮಾನ ಮಾಡಿಕೊಳ್ಳಿ. ಸರಕಾರಿ ಹುದ್ದೆಗೋ ಕಾಲೇಜು ಉಪನ್ಯಾಸಕಿಯಾಗಲಿಕ್ಕೋ ಆದರೆ ಮಾನ್ಯತೆಯ ಪ್ರಶ್ನೆ ಎಲ್ಲಕ್ಕಿಂತ ಮುಂದೆ ಬರುತ್ತದೆ. ಭಾರತದ ವಿಶ್ವವಿದ್ಯಾಲಯಗಳ ಆನ್‌ಲೈನ್ ಕೋರ್ಸುಗಳು ಯುಜಿಸಿಯ ದೂರಶಿಕ್ಷಣ ಬ್ಯೂರೋದ ಪಟ್ಟಿಯಲ್ಲಿ ಇರಬೇಕು. 2020ರ ನಿಯಮಾವಳಿ ಇದಕ್ಕೆ ಆಧಾರ. ಪಟ್ಟಿಯಲ್ಲಿ ವಿಶ್ವವಿದ್ಯಾಲಯದ ಹೆಸರು ಇದ್ದರೆ ಸಾಲದು, ನೀವು ಸೇರುವ ಕೋರ್ಸಿನ ಹೆಸರು ಮತ್ತು ವರ್ಷ ಎರಡೂ ಇರಬೇಕು. ಇನ್ನೊಂದು ವಿಷಯ: ಆರ್ಕಿಟೆಕ್ಚರ್ ಮತ್ತು ಇಂಜಿನಿಯರಿಂಗನ್ನು ಇಲ್ಲಿ ಆನ್‌ಲೈನ್‌ನಲ್ಲಿ ಕಲಿಸುವ ಹಾಗಿಲ್ಲ. ಆದ್ದರಿಂದ ಕಟ್ಟಡ ಸಂರಕ್ಷಣೆಯ ಎಂ.ಆರ್ಕ್ ಬೇಕೆಂದರೆ ದೆಹಲಿಯ ಎಸ್‌ಪಿಎ, ಅಹಮದಾಬಾದಿನ ಸೆಪ್ಟ್ ಅಂಥ ಆರ್ಕಿಟೆಕ್ಚರ್ ಸಂಸ್ಥೆಗಳ ಕಡೆಗೆ ಗಂಟುಮೂಟೆ ಕಟ್ಟಲೇಬೇಕು.

ವಿದೇಶದ್ದಾದರೆ ಆಸ್ಟ್ರೇಲಿಯಾದ ಡೀಕಿನ್, ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಮೊದಲಾದವು ಪರಂಪರೆಯ ವಿಷಯವನ್ನು ಆನ್‌ಲೈನ್‌ನಲ್ಲಿ ಕಲಿಸಿದ ವಿಶ್ವವಿದ್ಯಾಲಯಗಳು. ಈ ವರ್ಷ ಪ್ರವೇಶ ಉಂಟಾ ಎಂದು ನೇರವಾಗಿ ಅವರ ಪ್ರವೇಶ ವಿಭಾಗಕ್ಕೇ ಇಮೇಲ್ ಮಾಡಿ ಕೇಳಿ. ವಿದೇಶಿ ಆನ್‌ಲೈನ್ ಡಿಗ್ರಿಗೆ ಇಲ್ಲಿ ತತ್ಸಮಾನ ಮಾನ್ಯತೆ ತಾನಾಗಿ ಸಿಗುತ್ತದೆ ಎಂದು ಭಾವಿಸಬೇಡಿ. ಫೀಸು ಕಟ್ಟುವ ಮೊದಲೇ ಬರವಣಿಗೆಯಲ್ಲಿ ಉತ್ತರ ತರಿಸಿಕೊಳ್ಳಿ. ಏಜೆಂಟರು ಬಾಯಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ. ನನ್ನ ಹಾಗೆ ಸ್ವಂತ ಉದ್ಯೋಗ ಇರುವವರಿಗೆ, ಖಾಸಗಿ ಸಂಸ್ಥೆ, ಮ್ಯೂಸಿಯಂ, ಪ್ರವಾಸೋದ್ಯಮದಲ್ಲಿ ಇರುವವರಿಗೆ ಇದು ಅಷ್ಟು ದೊಡ್ಡ ತಲೆಬಿಸಿ ಆಗುವುದಿಲ್ಲ.

ಪಠ್ಯಕ್ರಮ ನೋಡುವಾಗ ನಾನು ಒಂದೇ ಒಂದು ವಿಷಯಕ್ಕೆ ಹಟ ಹಿಡಿಯುತ್ತೇನೆ: ನಿಮ್ಮ ಅಸೈನ್‌ಮೆಂಟ್‌ಗಳನ್ನು ನಿಮ್ಮ ಊರಿನ ಜಾಗದ ಮೇಲೆ ಬರೆಯಲಿಕ್ಕೆ ಬಿಡುತ್ತಾರಾ? ಬಿಡುತ್ತಾರೆಂದರೆ ಇಡೀ ಕರಾವಳಿಯೇ ನಿಮ್ಮ ಪ್ರಯೋಗಾಲಯ. ಬಿಡುವುದಿಲ್ಲ, ಅವರು ಕೊಟ್ಟ ಯುರೋಪಿನ ಕೋಟೆಯ ಬಗ್ಗೆಯೇ ಬರೆಯಬೇಕು ಎಂದರೆ ಅಷ್ಟು ಹಣ ಕೊಡುವುದು ದಂಡ. ಎಷ್ಟೋ ಕೋರ್ಸುಗಳ ಹೆಸರಿನಲ್ಲಿ ಮಾತ್ರ ನಿಸರ್ಗ ಇರುತ್ತದೆ, ಒಳಗೆ ಪೂರ್ತಿ ಮ್ಯೂಸಿಯಂ. ಸಾಂಸ್ಕೃತಿಕ ಭೂದೃಶ್ಯ, ಸಂರಕ್ಷಿತ ಅರಣ್ಯದ ನಿರ್ವಹಣೆ, ಅಮೂರ್ತ ಪರಂಪರೆ (ಕಲೆ, ಆಚರಣೆ, ಕೈವಿದ್ಯೆಗಳಂಥದ್ದು) ಇವುಗಳಿಗೆ ಪ್ರತ್ಯೇಕ ವಿಷಯ ಉಂಟಾ ನೋಡಿ. ಎರಡು ವಾರ ಕ್ಯಾಂಪಸ್ಸಿಗೆ ಬರಬೇಕು ಎಂಬ ಷರತ್ತು ಸಣ್ಣ ಅಕ್ಷರದಲ್ಲಿ ಎಲ್ಲಾದರೂ ಅಡಗಿದೆಯೇ ಅದನ್ನೂ ಹುಡುಕಿ. ವೀಸಾ, ವಿಮಾನ ಸೇರಿದರೆ ಲೆಕ್ಕವೇ ಬದಲಾಗುತ್ತದೆ.

ಆಸ್ಟ್ರೇಲಿಯಾದ ಪದ್ಧತಿಯಲ್ಲಿ ಒಂದು ಅನುಕೂಲ ಉಂಟು. ಸಾಮಾನ್ಯವಾಗಿ ನಾಲ್ಕು ವಿಷಯ ಮುಗಿಸಿದರೆ ಗ್ರಾಜುಯೇಟ್ ಸರ್ಟಿಫಿಕೇಟ್, ಎಂಟಕ್ಕೆ ಡಿಪ್ಲೊಮಾ, ಅಲ್ಲಿಂದ ಮುಂದೆ ಹೋದರೆ ಮಾಸ್ಟರ್ಸ್. ಸರ್ಟಿಫಿಕೇಟಿಗೆ ಸೇರಿ, ಆಗುತ್ತದೆ ಅನಿಸಿದರೆ ಮುಂದುವರಿಯಿರಿ. ಮನೆಯವರನ್ನು ಒಪ್ಪಿಸಲಿಕ್ಕೂ ಇದು ಸುಲಭ.

ಅರ್ಜಿ, ಹಣ, ಗಂಟೆ

ಅರ್ಜಿಯ ಕೆಲಸ ಎಲ್ಲರಿಗೂ ಗೊತ್ತಿದ್ದದ್ದೇ: ಅಂಕಪಟ್ಟಿ, ಟ್ರಾನ್ಸ್‌ಕ್ರಿಪ್ಟ್, ಇಬ್ಬರ ಶಿಫಾರಸು ಪತ್ರ, ಇಂಗ್ಲಿಷ್ ಪರೀಕ್ಷೆಯ ಅಂಕ. ಐಇಎಲ್‌ಟಿಎಸ್ ಅಂಕ ಎರಡು ವರ್ಷ ಮಾತ್ರ ಚಾಲ್ತಿ, ಆದ್ದರಿಂದ ಅವಸರದಲ್ಲಿ ಮೊದಲೇ ಬರೆದಿಡಬೇಡಿ. ನಿಮ್ಮ ಉದ್ದೇಶ ಹೇಳುವ ಪ್ರಬಂಧವನ್ನು "ಭಾರತ ಭವ್ಯ ಪರಂಪರೆಯ ನಾಡು" ಎಂದು ಶುರು ಮಾಡಿದರೆ ಓದುವವರು ಎರಡನೇ ಸಾಲಿಗೆ ಆಕಳಿಸುತ್ತಾರೆ. ನಾನು ಬರೆದದ್ದು ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ, ಗೋಡೆಗೆ ಸಿಮೆಂಟ್ ಸಾರಣೆ ಮಾಡಿದರೆ ಏನಾಗುತ್ತದೆ ಎಂದು. ನೀವು ಕಣ್ಣಾರೆ ಕಂಡ ಒಂದು ತೊಂದರೆಯಿಂದ ಶುರು ಮಾಡಿ.

ಹಣ ಕಳಿಸುವಾಗ ಬ್ಯಾಂಕಿನಲ್ಲಿ ಎ2 ಫಾರ್ಮ್ ತುಂಬಬೇಕು. ಒಂದು ಆರ್ಥಿಕ ವರ್ಷದಲ್ಲಿ ವಿದೇಶಕ್ಕೆ ಕಳಿಸಿದ ಒಟ್ಟು ಮೊತ್ತ 10 ಲಕ್ಷ ರೂಪಾಯಿ ದಾಟದಿದ್ದರೆ ಟಿಸಿಎಸ್ (ಹಣ ಕಳಿಸುವಾಗಲೇ ಬ್ಯಾಂಕ್ ವಸೂಲಿ ಮಾಡುವ ತೆರಿಗೆ) ಗೊಡವೆ ಇಲ್ಲ; ಪಾರ್ಟ್ ಟೈಮ್ ಓದಿದರೆ ಫೀಸು ವರ್ಷವರ್ಷಕ್ಕೆ ಹಂಚಿಹೋಗಿ ಇದು ತಾನಾಗಿ ಸರಿಹೋಗಬಹುದು. ವಿನಿಮಯ ದರದಲ್ಲಿ ಬ್ಯಾಂಕುಗಳ ನಡುವೆ ವ್ಯತ್ಯಾಸ ಇರುತ್ತದೆ, ಎರಡು ಕಡೆ ಕೇಳಿ.

ಗಂಟೆಯ ವಿಷಯ ಮಾತ್ರ ಹಗುರ ಮಾಡಬೇಡಿ. ಮೆಲ್ಬರ್ನ್ ನಮಗಿಂತ ನಾಲ್ಕೂವರೆ ಗಂಟೆ ಮುಂದೆ, ಅಲ್ಲಿಯ ಬೇಸಿಗೆಯಲ್ಲಿ ಐದೂವರೆ. ಅವರ ಸಂಜೆ 6ರ ತರಗತಿ ನಮಗೆ ಮಧ್ಯಾಹ್ನ ಊಟದ ಹೊತ್ತು. ಆಫೀಸಿನ ಬಾಗಿಲು ಹಾಕಿ ಕೂತರಾಯಿತು. ಬ್ರಿಟನ್ನಿನ ಮಧ್ಯಾಹ್ನ 2 ಗಂಟೆ ನಮ್ಮ ಸಂಜೆ 6.30 ಅಥವಾ 7.30, ಮಕ್ಕಳ ಹೋಂವರ್ಕಿನ ಸಮಯ. ಅಮೆರಿಕದ ಪೂರ್ವ ಕರಾವಳಿಯ ರಾತ್ರಿ 7 ಅಂದರೆ ಇಲ್ಲಿ ಬೆಳಗ್ಗೆ 4.30 ಅಥವಾ 5.30. ದೇವಸ್ಥಾನದ ಭಟ್ರ ಹಾಗೆ ಏಳುವ ಅಭ್ಯಾಸ ಇದ್ದವರಿಗೆ ಅದೂ ಆದೀತು. ಜೂನ್-ಜುಲೈಯಲ್ಲಿ ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋಗುವುದು ಹೊಸತೇನಲ್ಲ. ರೂಟರಿಗೂ ಸೇರಿಸಿ ಇನ್ವರ್ಟರ್, ಎರಡನೇ ಕಂಪೆನಿಯ ಸಿಮ್, ಪಾಠದ ಪಿಡಿಎಫ್‌ಗಳೆಲ್ಲ ಮೊದಲೇ ಇಳಿಸಿಟ್ಟುಕೊಂಡ ಫೋಲ್ಡರ್ ಇಷ್ಟು ಇದ್ದರೆ ಆಯಿತು. ಅಸೈನ್‌ಮೆಂಟನ್ನು ಕೊನೆಯ ರಾತ್ರಿಗೆ ಇಟ್ಟುಕೊಳ್ಳುವ ಹವ್ಯಾಸವನ್ನು ಮಳೆಗಾಲದಲ್ಲಾದರೂ ಬಿಡಿ.

ಓದುವುದು ಅಲ್ಲಿಯದು, ನೋಡುವುದು ಇಲ್ಲಿಯದು

ಮೊದಲ ಸೆಮಿಸ್ಟರಿನಲ್ಲಿ ದಾಖಲೆಗಳ ರಾಶಿಯೇ ಬೀಳುತ್ತದೆ. ಸ್ಮಾರಕಗಳ ಸಂರಕ್ಷಣೆಗೆ 1964ರ ವೆನಿಸ್ ಚಾರ್ಟರ್, 1972ರ ವಿಶ್ವ ಪರಂಪರೆ ಒಪ್ಪಂದ, 1979ರಲ್ಲಿ ಶುರುವಾಗಿ 2013ರಲ್ಲಿ ಪರಿಷ್ಕೃತವಾದ ಆಸ್ಟ್ರೇಲಿಯಾದ ಬುರಾ ಚಾರ್ಟರ್, 1994ರ ನಾರಾ ದಾಖಲೆ, ಅಮೂರ್ತ ಪರಂಪರೆಗೆ 2003ರ ಒಪ್ಪಂದ. ಬಾಯಿಪಾಠ ಮಾಡಲು ಹೋದರೆ ತಲೆ ತಿರುಗುತ್ತದೆ. ಒಂದೊಂದಕ್ಕೂ ಊರಿನ ಒಂದು ಜಾಗವನ್ನು ಗಂಟು ಹಾಕಿ.

1972ರ ಒಪ್ಪಂದದಡಿ ವಿಶ್ವ ಪರಂಪರೆ ಪಟ್ಟಿ ಸೇರಲು ಇರುವ ಹತ್ತು ಮಾನದಂಡಗಳಲ್ಲಿ ಆರು ಸಂಸ್ಕೃತಿಗೆ, ನಾಲ್ಕು ನಿಸರ್ಗಕ್ಕೆ. ಇದನ್ನು ಕಲಿಯಲು ಮಲ್ಪೆಯಿಂದ ಬೋಟ್ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ. ಭಾರತ ಮತ್ತು ಮಡಗಾಸ್ಕರ್ ಬೇರೆಯಾದ ಕಾಲದ, ಸುಮಾರು 8.8 ಕೋಟಿ ವರ್ಷ ಹಿಂದಿನ ಲಾವಾ ಅಲ್ಲಿ ಕಂಬ ಕಂಬವಾಗಿ ನಿಂತಿದೆ. ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ. 2025ರಲ್ಲಿ ಅದು ಭಾರತದ ತಾತ್ಕಾಲಿಕ ವಿಶ್ವ ಪರಂಪರೆ ಪಟ್ಟಿಯನ್ನೂ ಸೇರಿತು. ಕಂಬಗಳ ಮೇಲೆ ಹತ್ತಿ ಸೆಲ್ಫಿ ತೆಗೆಯುವವರನ್ನು ನೋಡುತ್ತಾ ಪ್ರವಾಸಿ ನಿರ್ವಹಣಾ ಯೋಜನೆ ಬರೆಯಲು ಶುರು ಮಾಡಬಹುದು. ಪೂರ್ವಕ್ಕೆ ತಿರುಗಿದರೆ 2012ರಲ್ಲಿ ವಿಶ್ವ ಪರಂಪರೆಯ ಮುಖ್ಯ ಪಟ್ಟಿಯನ್ನೇ ಸೇರಿದ ಪಶ್ಚಿಮ ಘಟ್ಟದ 39 ತಾಣಗಳಲ್ಲಿ ನಮ್ಮ ಕುದುರೆಮುಖ, ಸೋಮೇಶ್ವರ ಉಂಟು. ಅವು ಪಟ್ಟಿ ಸೇರಿದ್ದು ನಿಸರ್ಗದ ಮಾನದಂಡದಲ್ಲಿ ಮಾತ್ರ. ಕಾಡಿನೊಳಗಿನ ದೈವದ ಕಲ್ಲು, ಊರವರ ನಡೆದಾಡುವ ಹಾದಿ ಅದರ ಲೆಕ್ಕಕ್ಕೆ ಬಂದಿಲ್ಲ. ಇಡೀ ದೇಶದಲ್ಲಿ ಎರಡೂ ಲೆಕ್ಕದಲ್ಲಿ ಸೇರಿದ ಮಿಶ್ರ ತಾಣ ಒಂದೇ, 2016ರಲ್ಲಿ ಸೇರಿದ ಸಿಕ್ಕಿಮಿನ ಕಾಂಚನಜುಂಗಾ. ಯಾಕೆ ಹೀಗೆ ಎಂದು ಒಂದು ಪ್ರಬಂಧ ಬರೆದರೆ ಒಳ್ಳೆಯ ಅಂಕ ಗ್ಯಾರಂಟಿ.

ನಾರಾ ದಾಖಲೆಗೆ, ದೇವಸ್ಥಾನ ಹೊಸದು ಮಾಡಿ ನಡೆಸುವ ನಮ್ಮ ಬ್ರಹ್ಮಕಲಶೋತ್ಸವಗಳಿಗಿಂತ ಒಳ್ಳೆಯ ಉದಾಹರಣೆ ಬೇಡ. ಒಂದು ಜಾಗದ ಅಸಲಿತನವನ್ನು ಆಯಾ ಸಂಸ್ಕೃತಿಯೊಳಗಿಂದಲೇ ಅಳೆಯಬೇಕು ಎನ್ನುತ್ತದೆ ಅದು. ಸರಿ. ಹಾಗಾದರೆ ಕಾವಿ ಕಲೆಯ (ಕೆಮ್ಮಣ್ಣಿನ ಬಣ್ಣದ ಚಿತ್ರಗಳ) ಸುಣ್ಣದ ಗೋಡೆ ಕೆಡವಿ ಶಿಲಾಮಯ ಗರ್ಭಗುಡಿ ಕಟ್ಟುವ ಜೀರ್ಣೋದ್ಧಾರ ಸಂಪ್ರದಾಯವೋ, ನಾಶವೋ? ಸುಲಭದ ಉತ್ತರ ಯಾವ ಪುಸ್ತಕದಲ್ಲೂ ಇಲ್ಲ. ಪುನಃಪ್ರತಿಷ್ಠೆ ಸಂಪ್ರದಾಯದ ಭಾಗವೇ, ಆದರೆ ಕೆಡವುವ ಮೊದಲು ಅಳತೆ, ಫೋಟೊ, ಗಾರೆಯ ಮಾದರಿ ಯಾವುದನ್ನೂ ತೆಗೆದಿಡದೆ ಒಂದೇ ವಾರದಲ್ಲಿ ಜೆಸಿಬಿ ತರುವುದಕ್ಕೆ ಯಾವ ಆಗಮದ ಬೆಂಬಲವೂ ಇಲ್ಲ ಎಂಬುದು ನನ್ನ ಅಭಿಪ್ರಾಯ.

ನಾಗಬನ: ನಾನು ಹೆಚ್ಚು ಕಲಿತ ಜಾಗ

ನನ್ನ ದೊಡ್ಡ ಅಸೈನ್‌ಮೆಂಟು ಬ್ರಹ್ಮಾವರದ ಕಡೆಯ ಒಂದು ಕುಟುಂಬದ ನಾಗಬನದ ಮೇಲೆ. ಹತ್ತು ಸೆಂಟ್ಸಿನಷ್ಟು ಜಾಗ. ಅರ್ಧದಲ್ಲಿ ಸುರಗಿ, ರಂಜೆ, ಹಾಲೆ ಮರಗಳು, ಅವುಗಳಿಗೆ ಸುತ್ತಿಕೊಂಡ ಬಳ್ಳಿ, ಒಳಗೆ ಹಗಲಲ್ಲೂ ನೆರಳು. ಇನ್ನರ್ಧ ಕಡಿದು ಸಿಮೆಂಟ್ ಕಟ್ಟೆ, ಇಂಟರ್‌ಲಾಕ್, ಸ್ಟೀಲ್ ಗೇಟು, ನಡುವೆ ಹೊಸ ನಾಗಶಿಲೆ. ನೋಡಿದವರು ಯಾರಾದರೂ "ಛೇ" ಎನ್ನುತ್ತಾರೆ. ಪರಿಸರದವರಂತೂ ಭಾಷಣವನ್ನೇ ಮಾಡುತ್ತಾರೆ.

ಬುರಾ ಚಾರ್ಟರಿನ ಕ್ರಮದಲ್ಲಿ ಛೇ ಎನ್ನಲಿಕ್ಕೆ ಕಾಲಂ ಇಲ್ಲ. ಮೊದಲು ಜಾಗದ ಮಹತ್ವ ಏನೆಂದು ಬರೆಯಬೇಕು: ಸೌಂದರ್ಯದ್ದು, ಇತಿಹಾಸದ್ದು, ವಿಜ್ಞಾನದ್ದು, ಸಮಾಜದ್ದು, ಅಧ್ಯಾತ್ಮದ್ದು. ಆಮೇಲೆ ಏನು ಮಾಡಬೇಕೆಂಬ ನೀತಿ, ಕೊನೆಗೆ ನಿರ್ವಹಣೆ. ನಾನು ಮರಗಳ ಪಟ್ಟಿ, ನೆಲದ ತೇವ, ಪಕ್ಕದ ಬಾವಿಯ ನೀರು ಎಲ್ಲ ಸೇರಿಸಿ ಕರಡು ಕಳಿಸಿದೆ. ಟ್ಯೂಟರ್ ಪಕ್ಕದಲ್ಲಿ ಬರೆದದ್ದು ಇಷ್ಟೇ: ಮರ ಕಡಿಯುವ ನಿರ್ಧಾರ ಮಾಡಿದವರು ಇದರಲ್ಲಿ ಎಲ್ಲಿದ್ದಾರೆ?

ಹೋಗಿ ಕೇಳಿದರೆ ಅವರ ಲೆಕ್ಕ ಬೇರೆಯೇ ಇತ್ತು. ಮನೆ ಪಾಲಾಗಿ ಹೆಚ್ಚಿನವರು ಮುಂಬೈ, ದುಬೈ ಸೇರಿದ್ದಾರೆ. ವರ್ಷಕ್ಕೊಮ್ಮೆ ನಾಗರಪಂಚಮಿಗೆ ಬರುವ ಇಷ್ಟು ಜನಕ್ಕೆ ನಿಲ್ಲಲು ಜಾಗ ಬೇಕು, ವಯಸ್ಸಾದವರು ಕೆಸರಲ್ಲಿ ಜಾರುತ್ತಾರೆ, ಬೇರು ನುಗ್ಗಿ ಹಳೆಯ ಕಲ್ಲು ಓರೆಯಾಗಿತ್ತು, ಜ್ಯೋತಿಷಿಗಳ ಅಷ್ಟಮಂಗಲ ಪ್ರಶ್ನೆಯಲ್ಲೂ ಕಟ್ಟೆ ಆಗಬೇಕೆಂದು ಕಂಡುಬಂತು. ಅವರ ಪಾಲಿಗೆ ಆ ಜಾಗದ ಅಧ್ಯಾತ್ಮದ ಮಹತ್ವ ಸಿಮೆಂಟಿನಿಂದ ಕಮ್ಮಿಯಾಗಿಲ್ಲ, ಹೆಚ್ಚಾಗಿದೆ. ನಿಸರ್ಗದ ಮಹತ್ವ ಅರ್ಧ ಹೋಗಿದೆ. ಎರಡನ್ನೂ ಒಂದೇ ಕೋಷ್ಟಕದಲ್ಲಿ, ಒಂದನ್ನು ಇನ್ನೊಂದರಿಂದ ಹೊಡೆಯದೆ ಬರೆಯಬೇಕು. ಹಾಗೆ ಬರೆದ ಮೇಲೆಯೇ ಉಳಿದರ್ಧದ ಬಗ್ಗೆ ಮಾತಾಡಲು ಬಾಯಿ ಬಂತು: ಕಟ್ಟೆಯ ಅಂಚಿನಿಂದ ಮರಗಳ ತನಕ ನೆಲಕ್ಕೆ ಸಿಮೆಂಟ್ ಹಾಕದೆ ಮಣ್ಣೇ ಬಿಡುವುದು, ಬಿದ್ದ ತರಗೆಲೆ ಗುಡಿಸದೇ ಇರುವುದು, ಹೊಸ ಗಿಡ ನೆಡುವುದಾದರೆ ಬನದ್ದೇ ಬೀಜದಿಂದ ಎಬ್ಬಿಸಿದ ಸಸಿ. ಮೂರಕ್ಕೂ ಯಜಮಾನರು ಒಪ್ಪಿದರು. ನಾಲ್ಕನೆಯದಾಗಿ ಗೇಟು ತೆಗೆಸಿ ಎಂದದ್ದಕ್ಕೆ ಮಾತ್ರ ನಕ್ಕುಬಿಟ್ಟರು.

ಸಹಿಯ ಪ್ರಶ್ನೆ

ಜನರನ್ನು ಮಾತಾಡಿಸಿ ಸಂಶೋಧನೆ ಮಾಡುವುದಾದರೆ ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಅನುಮತಿ ಬೇಕು. ಅವರು ಒಂದು ಒಪ್ಪಿಗೆ ಪತ್ರದ ಮಾದರಿ ಕಳಿಸುತ್ತಾರೆ: ಕೊನೆಯಲ್ಲಿ ಹೆಸರು, ಸಹಿ, ತಾರೀಕು. ಮೆಲ್ಬರ್ನಿನಲ್ಲಿ ಅದು ಮಾಮೂಲು. ಇಲ್ಲಿ ಅದನ್ನು ಹಿಡಿದುಕೊಂಡು ಹಳೆಯ ಧಣಿಗಳ ಗುತ್ತಿನ ಮನೆಯ ಜಗಲಿ ಹತ್ತಿ ನೋಡಿ.

"ನೀವು ಎಂತ ಬೇಕಾದ್ರೂ ಕೇಳಿ, ಗೊತ್ತಿದ್ದದ್ದು ಹೇಳ್ತೇನೆ. ಚಾ ಕುಡೀರಿ. ಸಹಿ ಮಾತ್ರ ಇಲ್ಲ," ಎಂದರು ಆ ಮನೆಯ ಶೆಟ್ರು.

"ಇದು ಜಾಗದ ಕಾಗದ ಅಲ್ಲ ಶೆಟ್ರೇ, ನನ್ನ ಪರೀಕ್ಷೆಗೆ."

"ಡಿಕ್ಲರೇಶನ್ ಕಾಲದಲ್ಲಿ ಹೀಗೇ ಒಂದೊಂದು ಕಾಗದದಲ್ಲಿ ಎಷ್ಟು ಗದ್ದೆ ಹೋಯ್ತು ಗೊತ್ತುಂಟಾ ನಿಮ್ಗೆ? ನೀವು ಆಗ ಹುಟ್ಟಿರ್ಲಿಲ್ಲ."

ಗೇಣಿದಾರರು ಡಿಕ್ಲರೇಶನ್ ಅರ್ಜಿ ಕೊಟ್ಟು ಗದ್ದೆ ಪಡೆದ 1974ರ ಭೂಸುಧಾರಣೆಯ ನೆನಪು ಈ ಕಡೆ ಇನ್ನೂ ಹಸಿ. ಉಳುವವರಿಗೆ ಅದು ಅನ್ನ ಕೊಟ್ಟ ಕಾಗದ, ಧಣಿಗಳಿಗೆ ಗದ್ದೆ ಕಳೆದ ಕಾಗದ; ಎರಡೂ ಕಡೆಯವರಿಗೆ ಸಹಿ ಎಂದರೆ ಸಣ್ಣ ವಿಷಯವಲ್ಲ. ಆದ್ದರಿಂದ ಸಮಿತಿಗೆ ಅರ್ಜಿ ಹಾಕುವಾಗಲೇ, ಕನ್ನಡದಲ್ಲಿ ಅಥವಾ ತುಳುವಿನಲ್ಲಿ ವಿವರಿಸಿ ಬಾಯಿಮಾತಿನ ಒಪ್ಪಿಗೆಯನ್ನು ಧ್ವನಿಮುದ್ರಣ ಮಾಡಿಕೊಳ್ಳಲು ಅನುಮತಿ ಕೇಳಿ, ಕಾರಣ ಬರೆಯಿರಿ. ಕಾರಣ ಸರಿಯಾಗಿದ್ದರೆ ಒಪ್ಪುತ್ತಾರೆ. ನಡುವಿನಲ್ಲಿ ಬದಲಾವಣೆ ಕೇಳಿದರೆ ವಾರಗಟ್ಟಲೆ ಕಾಯಬೇಕಾಗುತ್ತದೆ.

ದೈವಾರಾಧನೆಯ ಕೋಲ, ದರ್ಶನ, ತಂಬಿಲಗಳ ವಿಷಯ ತೆಗೆದುಕೊಂಡವರು ಇನ್ನೂ ಜಾಗ್ರತೆ. ಮೊಬೈಲ್ ಎತ್ತಿದರೆ ತಪ್ಪು ಎನ್ನುವವರು ಯಾರೂ ಇಲ್ಲ ಎಂಬಂಥ ಕಾಲ ಇದು, ಆದರೂ ಮುಖ್ಯಸ್ಥರಾದ ಗುರಿಕಾರರನ್ನೂ ದೈವದ ವೇಷ ಕಟ್ಟುವವರನ್ನೂ ಬೇರೆ ಬೇರೆಯಾಗಿ ಕೇಳಿ. ಮನೆಯವರು ಒಪ್ಪಿದ್ದಕ್ಕೆ ದೈವ ಕಟ್ಟುವವರು ಒಪ್ಪಿದ ಹಾಗೆ ಆಗುವುದಿಲ್ಲ. ಕ್ಷೇತ್ರಕಾರ್ಯದ ಕ್ಯಾಲೆಂಡರ್ ವಿಶ್ವವಿದ್ಯಾಲಯದ್ದಲ್ಲ, ನಮ್ಮದು: ಸೀಸನ್ನಿನ ಕೊನೆಯ ದಿನವಾದ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ಕೋಲವೂ ಇಲ್ಲ, ಯಕ್ಷಗಾನ ಮೇಳಗಳ ತಿರುಗಾಟವೂ ಇಲ್ಲ. ಮೇ ತಿಂಗಳ ಕೊನೆಯೊಳಗೆ ಮುಗಿಸಿ, ಇಲ್ಲವೇ ದೀಪಾವಳಿ ಕಳೆಯುವ ತನಕ ಕಾಯಿರಿ. ಕಟ್ಟಡದ ವಿಷಯದವರಿಗೆ ತದ್ವಿರುದ್ಧ. ಮಳೆಗಾಲವೇ ನಿಮ್ಮ ಸೀಸನ್. ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ ಬೀಳುವ ಊರಲ್ಲಿ ಗೋಡೆಯ ಒಂದೇ ಜಾಗವನ್ನು ಜುಲೈಯಲ್ಲೂ ಜನವರಿಯಲ್ಲೂ ಅಳತೆಪಟ್ಟಿ ಇಟ್ಟು ಫೋಟೊ ತೆಗೆದರೆ ನೀರು ಎಲ್ಲಿಂದ ಬರುತ್ತದೆ ಎಂಬುದು ಗೋಡೆಯೇ ತೋರಿಸುತ್ತದೆ.

ಕೋರ್ಸ್ ಕೊಡದೇ ಇರುವುದು

ಕೈಕೆಲಸ. ಅದನ್ನು ಇಲ್ಲಿಯೇ ಹುಡುಕಿಕೊಳ್ಳಬೇಕು. ಸುಣ್ಣದ ಗಾರೆ ಗೊತ್ತಿರುವ ಮೇಸ್ತ್ರಿಗಳು ಈಗ ಬೆರಳೆಣಿಕೆ. ಒಬ್ಬರು ಸಿಕ್ಕಿದರೆ ಸುಣ್ಣ ಅರಳಿಸುವುದರಿಂದ ಹಿಡಿದು ಕೊನೆಯ ಕೈ ತನಕ ಪಕ್ಕದಲ್ಲಿ ನಿಂತು ನೋಡಿ, ಸಾಧ್ಯವಾದರೆ ಕರಣೆ ಹಿಡಿಯಿರಿ. ಸಿಮೆಂಟ್ ಗಟ್ಟಿ, ಮುರಕಲ್ಲು ಮೆದು ಮತ್ತು ತೂತುತೂತು. ಮೇಲೆ ಸಿಮೆಂಟ್ ಮುಚ್ಚಿದರೆ ಒಳಗೆ ಸೇರಿದ ನೀರಿಗೆ ಆವಿಯಾಗಿ ಹೊರಬರಲು ದಾರಿ ಇರುವುದಿಲ್ಲ, ಉಪ್ಪು ಒಳಗೇ ಕಟ್ಟಿ ಕಲ್ಲು ಪುಡಿಯಾಗುತ್ತದೆ. ಸುಣ್ಣ ನೀರನ್ನು ಬಿಟ್ಟುಕೊಡುತ್ತದೆ. ಇದನ್ನು ಪುಸ್ತಕದಲ್ಲಿ ಓದಿದ್ದಕ್ಕಿಂತ ಹಳೆ ಸಾರಣೆ ಕಿತ್ತಾಗ ಕೈಗೆ ಬಂದ ಕೆಂಪು ಹುಡಿಯನ್ನು ನೋಡಿ ನನಗೆ ಸರಿಯಾಗಿ ಅರ್ಥವಾದದ್ದು. ಹೆಂಚಿನ ಮಾಡಿನ ಪಕಾಸು, ರೀಪುಗಳ ಬಗ್ಗೆ ಹಳೆಯ ಆಚಾರಿಗಳನ್ನು ಕೇಳಿ. ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜಿನಲ್ಲಿ ವಿಜಯನಾಥ ಶೆಣೈ ಅವರು ಬೇರೆ ಬೇರೆ ಊರಿಂದ ಬಿಚ್ಚಿ ತಂದು ಮತ್ತೆ ಕಟ್ಟಿಸಿದ ಮನೆಗಳನ್ನು ಒಂದು ದಿನವಿಡೀ ನೋಡಿ. ಮನೆಯನ್ನು ಅದರ ಜಾಗದಿಂದ ಎತ್ತಿ ಉಳಿಸುವುದು ಸರಿಯೇ ಎಂಬ ವಾದವೂ ಅಲ್ಲೇ ಸಿಗುತ್ತದೆ.

ಆಕರಗಳಿಗೆ ವಿಶ್ವವಿದ್ಯಾಲಯದ ಲಾಗಿನ್ ಸಾಕೆಂದುಕೊಳ್ಳಬೇಡಿ. ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರ, ಉಡುಪಿ ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರ, ಈ ಎರಡು ಕಡೆ ಸಿಗುವುದು ಹೊರಗಿನ ಯಾವ ಡೇಟಾಬೇಸಿನಲ್ಲೂ ಸಿಗದು. ಇಲ್ಲಿ ಹೆಂಚಿನ ಕಾರ್ಖಾನೆ ತೆರೆದ ಬಾಸೆಲ್ ಮಿಶನ್ನಿನ ಹಳೆಯ ಫೋಟೊಗಳನ್ನು ಅವರ ಸಂಗ್ರಹದ ಜಾಲತಾಣದಲ್ಲಿ ಮನೆಯಿಂದಲೇ ನೋಡಬಹುದು. ಹೆಂಚಿನ ಕಾರ್ಖಾನೆಗಳ ಬಗ್ಗೆ ಬರೆಯುವವರು ಅಲ್ಲಿಂದಲೇ ಶುರು ಮಾಡಿ. ನಕ್ಷೆಗೆ ಕ್ಯೂಜಿಐಎಸ್, ಟಿಪ್ಪಣಿಗಳಿಗೆ ಜೊಟೆರೊ, ಎರಡೂ ಉಚಿತ ಸಾಫ್ಟ್‌ವೇರ್.

ಕಾನೂನಿನ ಪಾಠದಲ್ಲಿ ವಿದೇಶದ್ದೇ ತುಂಬಿರುತ್ತದೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯನ್ನೂ 2010ರ ತಿದ್ದುಪಡಿಯನ್ನೂ ನೀವೇ ಓದಿಕೊಳ್ಳಿ. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ. 1432ರಲ್ಲಿ ನಿಂತ ಕಾರ್ಕಳದ ಗೊಮ್ಮಟನ ಬೆಟ್ಟದ ಸುತ್ತ ಮನೆ ಕಟ್ಟುವವರು ನನ್ನಂಥವರ ಆಫೀಸಿಗೆ ಬಂದಾಗ ಮೊದಲು ತೆಗೆಯಬೇಕಾದ ಟೇಪು ಅದು.

ಕೆಲಸದ ಮಾತು ಎಲ್ಲರೂ ಕೇಳುತ್ತಾರೆ. ದೊಡ್ಡ ಸಂಬಳದ ಹುದ್ದೆಗಳು ಕರಾವಳಿಯಲ್ಲಿ ಕಾದು ಕೂತಿಲ್ಲ. ಪರಂಪರೆ ಉಳಿಸುವ ಇಂಟ್ಯಾಕ್‌ನಂಥ ಸಂಸ್ಥೆಗಳ ಜೊತೆ ದಾಖಲೀಕರಣ, ಮಠ-ಬಸದಿ-ಇಗರ್ಜಿಗಳ ದುರಸ್ತಿಗೆ ವರದಿ, ಹೋಂಸ್ಟೇ ಮಾಡಲು ಹಳೆ ಮನೆ ಉಳಿಸಿಕೊಳ್ಳುವವರಿಗೆ ಸಲಹೆ, ಹೀಗೆ ಬಿಡಿಬಿಡಿಯಾಗಿ ಬರುತ್ತದೆ. ಈಗ ಹಳೆ ಮನೆಯ ಎಸ್ಟಿಮೇಟ್ ಮಾಡುವಾಗ ಕೆಲಸ ಶುರುವಾಗುವ ಮೊದಲಿನ ಅಳತೆ, ಫೋಟೊ, ನಕ್ಷೆ ಎಂದು ಒಂದು ಐಟಂ ಮೇಲೆಯೇ ಸೇರಿಸುತ್ತೇನೆ. ಚೌಕಾಶಿ ಶುರುವಾದರೆ ಮನೆಯವರು ಮೊದಲು ಹೊಡೆದುಹಾಕುವುದು ಅದನ್ನೇ. ಹಾಗಾಗಿ ಅದರ ದರ ಕಮ್ಮಿ ಇಟ್ಟು, ಮರದ ಕೆಲಸದ ದರದಲ್ಲಿ ಸ್ವಲ್ಪ ಸೇರಿಸುವುದನ್ನು ಕಲಿತಿದ್ದೇನೆ. ಇದು ಯಾವ ಸಿಲೆಬಸ್ಸಿನಲ್ಲೂ ಇಲ್ಲ.